‘ಬಹುದು’ ಮತ್ತು ‘ಬೇಕು’: ಸಾಮ್ರಾಜ್ಯಗಳ ಚರಿತ್ರೆಯನ್ನು ಕನ್ನಡದಲ್ಲಿ ಪಾಠ ಮಾಡಿದ ನನ್ನ ಅನುಭವ

ಆರು ವರ್ಷಗಳ ಕಾಲ ನಾನು ತರಗತಿಯಲ್ಲಿ ಒಂದು ತಪ್ಪು ವಾಕ್ಯವನ್ನು ಬರೆಸಿದ್ದೇನೆ. ‘1840ರ ಫೆಬ್ರವರಿ 6ರಂದು ವೈಟಾಂಗಿ ಒಪ್ಪಂದದ ಮೂಲಕ ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿಗಳ ಮುಖಂಡರು ತಮ್ಮ ಸಾರ್ವಭೌಮತ್ವವನ್ನು ಬ್ರಿಟನ್ನಿನ ರಾಣಿಗೆ ಒಪ್ಪಿಸಿದರು.’ ವಿದ್ಯಾರ್ಥಿಗಳು ಅದನ್ನು ಬರೆದುಕೊಂಡರು, ಬಾಯಿಪಾಠ ಮಾಡಿದರು, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದರು. ವಾಕ್ಯದಲ್ಲಿ ತೇದಿ ಸರಿ, ಊರು ಸರಿ. ತಪ್ಪಿದ್ದದ್ದು ‘ಒಪ್ಪಿಸಿದರು’ ಎಂಬ ಒಂದು ಕ್ರಿಯಾಪದದಲ್ಲಿ.

ಕನ್ನಡದಲ್ಲಿ ವಿವರವಾದ ಟಿಪ್ಪಣಿ ಸಿದ್ಧಪಡಿಸಲು ಕುಳಿತಾಗ ಇದು ನನ್ನ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಒಪ್ಪಂದದ ಇಂಗ್ಲಿಷ್ ಪಾಠವನ್ನಷ್ಟೇ ನೋಡಿದ್ದೆ. ಮಾವೋರಿ ಪಾಠದ ಪದಶಃ ಅನುವಾದವನ್ನು ಪಕ್ಕದಲ್ಲಿಟ್ಟು ಓದಿದ ದಿನ ನಾನು ಪೆನ್ನು ಕೆಳಗಿಟ್ಟೆ. ಇಂಗ್ಲಿಷಿನಲ್ಲಿ ಸಾರ್ವಭೌಮತ್ವ ಎಂದಿರುವ ಕಡೆ ಮಾವೋರಿಯಲ್ಲಿ ಇರುವ ಪದ ‘ಕಾವನತಂಗ’. ಇಂಗ್ಲಿಷಿನ ‘ಗವರ್ನರ್’ ಎಂಬ ಪದವೇ ಮಾವೋರಿ ನಾಲಗೆಯಲ್ಲಿ ‘ಕಾವನ’ ಆಗಿತ್ತು. ಕಾವನತಂಗ ಎಂದರೆ ಗವರ್ನರ್ ಮಾಡುವ ಕೆಲಸ, ಆಡಳಿತ. ಎರಡನೆಯ ಕಲಮಿನಲ್ಲಿ ಮಾವೋರಿಗಳ ಬಳಿಯೇ ಉಳಿಯುತ್ತದೆ ಎಂದು ಹೇಳಿರುವುದು ‘ರಂಗತಿರತಂಗ’: ಭೂಮಿಯ ಮೇಲೆ, ಹಳ್ಳಿಗಳ ಮೇಲೆ, ತಮಗೆ ಅಮೂಲ್ಯವಾದ ಎಲ್ಲದರ ಮೇಲೆ ಮುಖಂಡನಿಗಿರುವ ಪೂರ್ಣ ಅಧಿಕಾರ. ಇದನ್ನು ಅನುವಾದಿಸಿದವರು ಹೆನ್ರಿ ವಿಲಿಯಮ್ಸ್ ಎಂಬ ಪಾದ್ರಿ ಮತ್ತು ಅವರ ಮಗ, ಫೆಬ್ರವರಿ 4ರ ಒಂದೇ ರಾತ್ರಿಯಲ್ಲಿ. ಮಾವೋರಿ ಭಾಷೆಯ ಕ್ರೈಸ್ತ ಪ್ರಾರ್ಥನೆಯಲ್ಲಿ ‘ನಿನ್ನ ರಾಜ್ಯವು ಬರಲಿ’ ಎನ್ನುವಲ್ಲಿ ದೇವರ ರಾಜ್ಯಕ್ಕೆ ಬಳಸಿದ ಪದವೂ ರಂಗತಿರತಂಗವೇ. ಅಷ್ಟು ತೂಕದ ಪದ ತಮ್ಮ ಕೈಯಲ್ಲೇ ಉಳಿಯುತ್ತಿದೆ ಎಂದು ಓದಿ ಸಹಿ ಮಾಡಿದವರು ಏನನ್ನು ಬಿಟ್ಟುಕೊಟ್ಟರು?

ಸಹಿ ಮಾಡಿದ ಐನೂರಕ್ಕೂ ಹೆಚ್ಚು ಮುಖಂಡರಲ್ಲಿ ಇಂಗ್ಲಿಷ್ ಪ್ರತಿಗೆ ಸಹಿ ಹಾಕಿದವರು ನಲವತ್ತಕ್ಕೂ ಕಡಿಮೆ. ಉಳಿದವರೆಲ್ಲ ಮಾವೋರಿ ಪ್ರತಿಗೆ ಸಹಿ ಹಾಕಿದವರು. ಮೊದಲು ಸಹಿ ಮಾಡಿದವನು ಹೋನೆ ಹೇಕೆ. ನಾಲ್ಕೇ ವರ್ಷಗಳಲ್ಲಿ ಕೊರೊರಾರೆಕದ ಗುಡ್ಡದ ಮೇಲೆ ಬ್ರಿಟಿಷ್ ಬಾವುಟ ಹಾರುತ್ತಿದ್ದ ಕಂಬವನ್ನು ಕಡಿಸಿದವನೂ ಅವನೇ. 1844ರಿಂದ 1845ರ ನಡುವೆ ಆ ಕಂಬ ನಾಲ್ಕು ಬಾರಿ ಉರುಳಿತು. ನನ್ನ ಹಳೆಯ ಟಿಪ್ಪಣಿಯಲ್ಲಿ ಇದನ್ನು ‘ಮಾತು ತಪ್ಪಿದ ಮುಖಂಡನ ದಂಗೆ’ ಎಂಬ ಧಾಟಿಯಲ್ಲಿ ಬರೆದಿದ್ದೆ. ಅವನು ಸಹಿ ಮಾಡಿದ ಪಾಠವನ್ನು ಓದಿದ ಮೇಲೆ ಆ ಸಾಲನ್ನು ಹೊಡೆದು ಹಾಕಿದೆ.

ಕನ್ನಡದಲ್ಲಿ ಇದನ್ನು ಹೇಳುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಕಾವನತಂಗಕ್ಕೆ ‘ಆಡಳಿತ’ ಸುಲಭವಾಗಿ ಹೊಂದಿತು. ರಂಗತಿರತಂಗಕ್ಕೆ ಕೆಲವು ವಾರ ಹುಡುಕಿದೆ. ‘ಪ್ರಭುತ್ವ’ ಎಂದರೆ ಸರ್ಕಾರವೆನಿಸುತ್ತದೆ, ‘ಸ್ವಾಮ್ಯ’ ಎಂದರೆ ಆಸ್ತಿಪತ್ರದ ವಾಸನೆ. ಕೊನೆಗೆ ‘ಒಡೆತನ’ ಎಂದು ಬರೆದೆ. ಒಡೆಯ ಎಂದರೆ ಆಸ್ತಿಯ ಯಜಮಾನನೂ ಹೌದು, ನಾಡಿನ ದೊರೆಯೂ ಹೌದು. ಎರಡೂ ಅರ್ಥ ಒಂದೇ ಪದದಲ್ಲಿ ಕೂಡಿಕೊಂಡಿರುವುದು ಇಲ್ಲಿ ನನ್ನ ಕೈ ಹಿಡಿಯಿತು. ‘ಆಡಳಿತವನ್ನು ಕೊಟ್ಟರು, ಒಡೆತನವನ್ನು ಉಳಿಸಿಕೊಂಡರು’ ಎಂದು ಕರಿಹಲಗೆಯ ಮೇಲೆ ಬರೆದಾಗ ವಿದ್ಯಾರ್ಥಿಗಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಮಾವೋರಿಗಳು ಇದೇ ವಾದವನ್ನು ನೂರೈವತ್ತಕ್ಕೂ ಹೆಚ್ಚು ವರ್ಷ ಬಿಡದೆ ಮಂಡಿಸಿದರು. 1975ರಲ್ಲಿ ಸ್ಥಾಪನೆಯಾದ ವೈಟಾಂಗಿ ನ್ಯಾಯಮಂಡಳಿ, 1840ರ ಫೆಬ್ರವರಿಯಲ್ಲಿ ಸಹಿ ಮಾಡಿದ ಮುಖಂಡರು ಸಾರ್ವಭೌಮತ್ವವನ್ನು ಬಿಟ್ಟುಕೊಟ್ಟಿರಲಿಲ್ಲ ಎಂದು 2014ರಲ್ಲಿ ಹೇಳಿತು. ಒಪ್ಪಂದದಲ್ಲಿ ‘ಅಮೂಲ್ಯವಾದದ್ದು’ ಎಂಬ ಅರ್ಥದ ‘ತಾವೊಂಗ’ ಎಂಬ ಪದವಿದೆಯಲ್ಲ, ಅದರ ಬಲದಿಂದಲೇ ಮಾವೋರಿ ಭಾಷೆಯೂ ರಕ್ಷಣೆಗೆ ಅರ್ಹ ಎಂದು ವಾದಿಸಿ, 1987ರಲ್ಲಿ ಅದನ್ನು ಅಧಿಕೃತ ಭಾಷೆಯಾಗಿಸಿಕೊಂಡರು. ಸೋತವರು ಎಂದು ನಾನು ಬರೆಸುತ್ತಿದ್ದ ಜನ ತಮ್ಮ ಪ್ರತಿಯನ್ನು ಕೈಯಲ್ಲಿ ಹಿಡಿದು ಒಂದು ದೇಶದ ಕಾನೂನನ್ನೇ ಬದಲಿಸಿದ್ದರು.

ಅಲ್ಲಿಂದ ಮುಂದೆ ನನ್ನ ಪಾಠದ ಕ್ರಮ ಬದಲಾಯಿತು. ಯಾವ ಸಾಮ್ರಾಜ್ಯ ಎಷ್ಟು ಭೂಭಾಗ ಆಳಿತು ಎಂಬ ನಕ್ಷೆಯಿಂದ ಆರಂಭಿಸುವುದನ್ನು ಬಿಟ್ಟೆ. ಒಂದು ಪದದಿಂದ ಆರಂಭಿಸುತ್ತೇನೆ. ಆ ಪದವನ್ನು ಇಟ್ಟವರು ಯಾರು, ಅದನ್ನು ಕೇಳಿಸಿಕೊಂಡವರು ಏನೆಂದು ತಿಳಿದರು, ವಾಕ್ಯದಲ್ಲಿ ಕರ್ತೃ ಯಾರು ಎಂದು ಕೇಳುತ್ತೇನೆ.

ಇಥಿಯೋಪಿಯದ ಪಾಠಕ್ಕೆ ನಾನು ಒಂದು ಪೂರ್ತಿ ಅವಧಿಯನ್ನು ಎರಡು ವಾಕ್ಯಗಳಿಗೇ ಮೀಸಲಿಡುತ್ತೇನೆ. ದೇಶದ ಹೆಸರು ಹೇಳದೆ ಕರಿಹಲಗೆಯ ಮೇಲೆ ಬರೆಯುತ್ತೇನೆ. ಒಂದು: ‘ನಮ್ಮ ದೊರೆ ಪರದೇಶಗಳೊಂದಿಗೆ ವ್ಯವಹರಿಸಲು ನಿಮ್ಮ ಸರ್ಕಾರದ ನೆರವು ಪಡೆಯಬಹುದು.’ ಇನ್ನೊಂದು: ‘ನಮ್ಮ ದೊರೆ ಪರದೇಶಗಳೊಂದಿಗೆ ನಿಮ್ಮ ಸರ್ಕಾರದ ಮೂಲಕವೇ ವ್ಯವಹರಿಸಬೇಕು.’ ಮೊದಲನೆಯದು ಗೆಳೆತನ, ಎರಡನೆಯದು ಅಧೀನತೆ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಆಮೇಲೆ ಇವೆರಡೂ ಒಂದೇ ಒಪ್ಪಂದದ ಒಂದೇ ಕಲಮಿನ ಸಾರ ಎಂದು ತಿಳಿಸುತ್ತೇನೆ. 1889ರ ಮೇ 2ರಂದು ವುಚಾಲೆಯಲ್ಲಿ ಇಥಿಯೋಪಿಯದ ದೊರೆ ಮೆನೆಲಿಕ್ ಮತ್ತು ಇಟಲಿಯ ಪ್ರತಿನಿಧಿ ಅಂತೊನೆಲ್ಲಿ ಸಹಿ ಮಾಡಿದ ಒಪ್ಪಂದದ 17ನೆಯ ಕಲಮು ಅದು. ಅಮ್ಹಾರಿಕ್ ಪಾಠದಲ್ಲಿ ‘ಬಹುದು’, ಇಟಲಿ ಓದಿದ್ದು ‘ಬೇಕು’. ಅದೇ ವರ್ಷ ಇಟಲಿಯು ಇಥಿಯೋಪಿಯ ತನ್ನ ರಕ್ಷಣೆಯಲ್ಲಿದೆ ಎಂದು ಯುರೋಪಿನ ಸರ್ಕಾರಗಳಿಗೆ ತಿಳಿಸಿಬಿಟ್ಟಿತು. ಮೆನೆಲಿಕ್‌ಗೆ ಇದು ಗೊತ್ತಾದದ್ದು, ತಾನು ನೇರವಾಗಿ ಬರೆದ ಪತ್ರಗಳಿಗೆ ಯುರೋಪಿನಿಂದ ‘ಇಟಲಿಯ ಮೂಲಕ ಬನ್ನಿ’ ಎಂಬ ಧಾಟಿಯ ಉತ್ತರ ಬಂದಾಗ.

ಆ ಹೊತ್ತಿಗೆ ಇಥಿಯೋಪಿಯ ಭೀಕರ ಬರದಲ್ಲಿತ್ತು, ಜಾನುವಾರುಗಳು ದೊಡ್ಡರೋಗಕ್ಕೆ ಹಿಂಡುಹಿಂಡಾಗಿ ಸತ್ತಿದ್ದವು. ಕೂಡಲೇ ಯುದ್ಧಕ್ಕೆ ಇಳಿಯುವ ಸ್ಥಿತಿ ಇರಲಿಲ್ಲ. ಮೆನೆಲಿಕ್ ಪ್ರತಿಭಟನೆಯ ಪತ್ರ ಬರೆದ, ಬಂದೂಕು ಕೂಡಿಹಾಕಿದ, 1893ರಲ್ಲಿ ಒಪ್ಪಂದವನ್ನೇ ತಿರಸ್ಕರಿಸಿದ. 1896ರ ಮಾರ್ಚ್ 1ರಂದು ಅದ್ವಾದಲ್ಲಿ ಇಟಲಿಯ ಸೇನೆ ಮಣ್ಣುಮುಕ್ಕಿತು. ಅದೇ ಅಕ್ಟೋಬರಿನಲ್ಲಿ ಅದಿಸ್ ಅಬಾಬದಲ್ಲಿ ಹೊಸ ಒಪ್ಪಂದವಾಗಿ, ಇಟಲಿ ಇಥಿಯೋಪಿಯದ ಸ್ವಾತಂತ್ರ್ಯವನ್ನು ಬರವಣಿಗೆಯಲ್ಲಿ ಒಪ್ಪಿಕೊಂಡಿತು.

ಮೊದಲ ಸಲ ಈ ಪಾಠವನ್ನು ಅದ್ವಾದ ಗೆಲುವಿಗೇ ನಿಲ್ಲಿಸಿದ್ದೆ. ತರಗತಿಯಲ್ಲಿ ಚಪ್ಪಾಳೆ ಬಿತ್ತು. ನನಗೂ ಸಂತೋಷವಾಯಿತು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಅದು ಕೊರೆಯತೊಡಗಿತು. ಮೆನೆಲಿಕ್ ತಾನೇ ಚಕ್ರವರ್ತಿ. ಅದೇ ದಶಕಗಳಲ್ಲಿ ಅವನ ಸೇನೆಗಳು ದಕ್ಷಿಣಕ್ಕೆ ನುಗ್ಗಿ ಒರೊಮೊ ಮತ್ತಿತರ ಜನರ ನಾಡುಗಳನ್ನು ಗೆದ್ದಿದ್ದವು. ಅಲ್ಲಿ ನೆಲೆಯೂರಿದ ಬಂದೂಕುಧಾರಿಗಳಿಗೆ ರೈತಕುಟುಂಬಗಳನ್ನು ಹಂಚಿಕೊಡಲಾಗಿತ್ತು. ಆ ರೈತರು ಧಾನ್ಯ ಕೊಡಬೇಕು, ಬಿಟ್ಟಿ ದುಡಿಯಬೇಕು. ಇನ್ನೊಂದು ಕಡೆ, ಅದ್ವಾದಲ್ಲಿ ಇಟಲಿಯ ಪರವಾಗಿ ಕಾದವರಲ್ಲಿ ಎರಿಟ್ರಿಯದ ಅಸ್ಕರಿಗಳು, ಅಂದರೆ ವಸಾಹತಿನ ಸಿಪಾಯಿಗಳೂ ಇದ್ದರು. ಸೆರೆಸಿಕ್ಕ ಇಟಲಿಯವರು ಯುದ್ಧಕೈದಿಗಳಾದರು. ಸೆರೆಸಿಕ್ಕ ಅಸ್ಕರಿಗಳಲ್ಲಿ ನೂರಾರು ಜನರ ಬಲಗೈ ಮತ್ತು ಎಡಗಾಲನ್ನು ದ್ರೋಹದ ಶಿಕ್ಷೆಯೆಂದು ಕಡಿಯಲಾಯಿತು. ಹೊಸ ಒಪ್ಪಂದದ ನಂತರವೂ ಎರಿಟ್ರಿಯ ಇಟಲಿಯ ಕೈಯಲ್ಲೇ ಉಳಿಯಿತು.

ಮರುವರ್ಷದಿಂದ ಇದನ್ನೂ ಹೇಳುತ್ತಿದ್ದೇನೆ. ಈಗ ಚಪ್ಪಾಳೆ ಬೀಳುವುದಿಲ್ಲ, ತರಗತಿ ಮೌನವಾಗುತ್ತದೆ. ‘ಹಾಗಾದರೆ ಅದ್ವಾವನ್ನು ನಾವು ಹೇಗೆ ನೋಡಬೇಕು ಸರ್?’ ಎಂದು ಒಬ್ಬ ಹುಡುಗಿ ಕೇಳಿದಳು. ಇಡೀ ಆಫ್ರಿಕಕ್ಕೆ ಧೈರ್ಯ ಕೊಟ್ಟ ಗೆಲುವು ಎಂಬುದು ನಿಜ, ದಕ್ಷಿಣದ ರೈತನಿಗೆ ಅದರಿಂದ ಬಿಡುಗಡೆ ಸಿಗಲಿಲ್ಲ ಎಂಬುದೂ ನಿಜ, ಎರಡನ್ನೂ ಒಂದೇ ಉತ್ತರದಲ್ಲಿ ಬರೆ ಎಂದೆ. ನಮ್ಮ ಭಾಷೆಯಲ್ಲಿ ‘ಸಾಮ್ರಾಜ್ಯ’ ಎಂಬ ಪದಕ್ಕೆ ವೈಭವದ ಹೊಳಪು ಅಂಟಿಕೊಂಡಿದೆ. ‘ಸಾಮ್ರಾಜ್ಯಶಾಹಿ’ ಎಂದೊಡನೆ ಮಾತ್ರ ಹುಬ್ಬು ಗಂಟಿಕ್ಕುತ್ತೇವೆ. ಗೆದ್ದವನು ಹಡಗಿನಲ್ಲಿ ಬಂದರೆ ಎರಡನೆಯ ಪದ, ಕುದುರೆಯ ಮೇಲೆ ಬಂದರೆ ಮೊದಲನೆಯದು ಎಂಬಂತೆ ಬಳಸುತ್ತೇವೆ. ನಾನು ಈಗ ಎರಡು ಕಡೆಯೂ ಸಾಮ್ರಾಜ್ಯ ಎಂದೇ ಬರೆಸುತ್ತೇನೆ.

ಒಂದು ಪ್ರಯೋಗವನ್ನು ಒಂದೇ ದಿನಕ್ಕೆ ಕೈಬಿಟ್ಟೆ. ವಿದ್ಯಾರ್ಥಿಗಳಿಗೆ ಗುಲಾಮ ಮತ್ತು ತೋಟದ ಮಾಲೀಕನ ಪಾತ್ರ ಹಂಚಿ ಅಭಿನಯಿಸಲು ಹೇಳಿದ್ದೆ. ಮಾಲೀಕನಾದವನು ನಗುತ್ತಿದ್ದ, ಗುಲಾಮನಾದವನು ತಲೆ ಎತ್ತಲಿಲ್ಲ. ಯಾರದೋ ಪೂರ್ವಿಕರ ನೋವು ಆಟವಾಗಬಾರದು. ಆ ಪಾಠವನ್ನು ಈಗ ದಾಖಲೆಯ ಮೂಲಕವೇ ಮಾಡುತ್ತೇನೆ, ಅಲ್ಲಿಯೂ ಒಂದು ಪದ ಹಿಡಿದೇ. ಫ್ರಾನ್ಸಿನ ವಸಾಹತಾಗಿದ್ದ ಹೈಟಿಯ ಗುಲಾಮರು 1791ರಲ್ಲಿ ಎದ್ದು, ನೆಪೋಲಿಯನ್ನನ ಸೇನೆಯನ್ನೂ ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್‌ನ ದೊರೆ ಹತ್ತನೆಯ ಚಾರ್ಲ್ಸ್ ಯುದ್ಧನೌಕೆಗಳನ್ನು ಕಳುಹಿಸಿ, ಮಾನ್ಯತೆ ಬೇಕಿದ್ದರೆ 15 ಕೋಟಿ ಫ್ರಾಂಕ್ ಕೊಡಿ ಎಂದ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಲಾಯಿತು. ಮೊದಲ ಕಂತನ್ನು ತೀರಿಸಲು ಹೈಟಿ ಫ್ರಾನ್ಸ್‌ನಲ್ಲೇ ಸಾಲ ಮಾಡಬೇಕಾಯಿತು. ಈ ಹಣಕ್ಕೆ ಪುಸ್ತಕಗಳಲ್ಲಿ ‘ಪರಿಹಾರ’ ಎಂದಿರುತ್ತದೆ. ಕನ್ನಡದಲ್ಲಿ ಪರಿಹಾರ ಎಂದರೆ ನಷ್ಟವಾದವರಿಗೆ, ನೊಂದವರಿಗೆ ಸಲ್ಲುವುದು. ಇಲ್ಲಿ ದುಡಿಸಿಕೊಂಡವರಿಗೆ ದುಡಿದವರು ತೆತ್ತದ್ದು. ನಾನು ಆ ಪದವನ್ನು ಹೊಡೆದು ‘ದಂಡ’ ಎಂದು ಬರೆದೆ. ಬ್ರಿಟನ್ 1833ರಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದಾಗಲೂ 2 ಕೋಟಿ ಪೌಂಡ್ ಹೋದದ್ದು ಮಾಲೀಕರಿಗೆ, ಬಿಡುಗಡೆಯಾದವರಿಗೆ ಒಂದು ಕಾಸೂ ಇಲ್ಲ.

‘ದಂಗೆ’ ಎಂಬ ಪದದ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಆಗ್ನೇಯ ನೈಜೀರಿಯದಲ್ಲಿ 1929ರಲ್ಲಿ ನಡೆದದ್ದನ್ನು ಬ್ರಿಟಿಷ್ ಅಧಿಕಾರಿಗಳು ‘ಅಬಾ ದಂಗೆ’ ಎಂದರು. ಅದನ್ನು ನಡೆಸಿದ ಇಗ್ಬೊ ಹೆಂಗಸರು ‘ಹೆಂಗಸರ ಯುದ್ಧ’ ಎಂದರು. ಅಲ್ಲಿ ಊರಿಗೆ ಒಬ್ಬ ದೊರೆ ಇರುವ ಪದ್ಧತಿಯೇ ಬಹುತೇಕ ಇರಲಿಲ್ಲ. ಪರೋಕ್ಷ ಆಡಳಿತದ ಹೆಸರಿನಲ್ಲಿ ಬ್ರಿಟಿಷರು ಸನದು ಕೊಟ್ಟು ಮುಖ್ಯಸ್ಥರನ್ನು ಸೃಷ್ಟಿಸಿದ್ದರು. ಗಂಡಸರ ಮೇಲೆ ತಲೆಗಂದಾಯ ಬಿದ್ದಾಗಿತ್ತು, ತಾಳೆ ಎಣ್ಣೆಯ ಬೆಲೆ ಕುಸಿದಿತ್ತು. ನವೆಂಬರಿನಲ್ಲಿ ಒಲೊಕೊ ಎಂಬಲ್ಲಿ ಎಣಿಕೆಗೆ ಬಂದವನು ನ್ವಾನ್ಯೆರುವಾ ಎಂಬ ಹೆಂಗಸಿಗೆ ಮನೆಯ ಜನರನ್ನೂ ಆಡುಕುರಿಗಳನ್ನೂ ಎಣಿಸು ಎಂದ. ನಿನ್ನ ತಾಯಿಯನ್ನು ಯಾರಾದರೂ ಎಣಿಸಿದ್ದರೇ ಎಂದು ಆಕೆ ತಿರುಗಿ ಕೇಳಿದಳು. ಎಣಿಸುವುದೆಂದರೆ ಕಂದಾಯ ಹಾಕುವುದು ಎಂಬುದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ತಾಳೆಗರಿಗಳು ಊರಿಂದೂರಿಗೆ ಕರೆಯಾಗಿ ಹೋದವು. ಸಾವಿರಾರು ಹೆಂಗಸರು ಮುಖ್ಯಸ್ಥರ ಮನೆಗಳನ್ನು ಸುತ್ತುವರಿದು ಹಾಡಿದರು, ಕುಣಿದರು, ಅಧಿಕಾರದ ಗುರುತಾದ ಟೋಪಿಯನ್ನು ಕಿತ್ತುಕೊಡಿ ಎಂದರು. ತಪ್ಪು ಮಾಡಿದ ಗಂಡಸನ್ನು ನಾಚಿಸಲು ಆ ಹೆಂಗಸರಿಗೆ ಮೊದಲಿನಿಂದಲೂ ಇದ್ದ ರೂಢಿ ಅದು. ಗುಂಡಿಗೆ ಐವತ್ತಕ್ಕೂ ಹೆಚ್ಚು ಹೆಂಗಸರು ಬಲಿಯಾದರು. ಆದರೆ ಕೆಲವೇ ವರ್ಷಗಳಲ್ಲಿ ಸನದಿನ ಮುಖ್ಯಸ್ಥರ ವ್ಯವಸ್ಥೆಯನ್ನೇ ಸರ್ಕಾರ ಕೈಬಿಡಬೇಕಾಯಿತು. ಗೊತ್ತಾದ ಬೇಡಿಕೆ, ಗೊತ್ತಾದ ವಿಧಾನ, ಗೊತ್ತಾದ ಎದುರಾಳಿ ಇದ್ದ ಹೋರಾಟವನ್ನು ದಂಗೆ ಎಂದು ನಾನು ಇನ್ನು ಬರೆಸಲಾರೆ.

‘1957ರ ಮಾರ್ಚ್ 6ರಂದು ಬ್ರಿಟನ್ ಘಾನಾಕ್ಕೆ ಸ್ವಾತಂತ್ರ್ಯ ನೀಡಿತು’ ಎಂಬ ವಾಕ್ಯವನ್ನು ಈಗ ವಿದ್ಯಾರ್ಥಿಗಳೇ ತಿದ್ದುತ್ತಾರೆ. 1948ರ ಫೆಬ್ರವರಿ 28ರಂದು ಅಕ್ರಾದಲ್ಲಿ ಮನವಿಪತ್ರ ಹಿಡಿದು ಹೊರಟ ಮಾಜಿ ಸೈನಿಕರಲ್ಲಿ ಮೂವರು ಗುಂಡೇಟಿಗೆ ಸತ್ತದ್ದನ್ನೂ, 1951ರ ಚುನಾವಣೆಯನ್ನು ಸ್ವಾತಂತ್ರ್ಯ ಹೋರಾಟದ ಮುಖಂಡ ಎನ್‌ಕ್ರುಮಾ ಜೈಲಿನಿಂದಲೇ ಗೆದ್ದದ್ದನ್ನೂ ಓದಿದವರಿಗೆ ‘ನೀಡಿತು’ ಎಂಬುದು ಸಹಜವಾಗಿಯೇ ಚುಚ್ಚುತ್ತದೆ.

ಈ ವರ್ಷ ಸಿಕ್ಕಿಹಾಕಿಕೊಂಡಿರುವುದು ‘ಪ್ರೊಟೆಕ್ಟೊರೇಟ್’ ಎಂಬುದರಲ್ಲಿ. ‘ಸಂರಕ್ಷಿತ ರಾಜ್ಯ’ ಎಂಬ ರೂಢಿಯ ಅನುವಾದ ಇಥಿಯೋಪಿಯದ ಮಟ್ಟಿಗೆ ಹಸಿ ಸುಳ್ಳು. ಅದನ್ನು ತೆಗೆದು ‘ಅಧೀನ ರಾಜ್ಯ’ ಎಂದು ಎಲ್ಲ ಕಡೆ ತಿದ್ದುತ್ತಾ ಬಂದೆ. ತಿದ್ದುತ್ತಾ ಬೆಚುವಾನಾಲ್ಯಾಂಡಿಗೆ, ಅಂದರೆ ಇಂದಿನ ಬೋಟ್ಸ್ವಾನಕ್ಕೆ ಬಂದಾಗ ಕೈ ನಿಂತಿತು. 1895ರಲ್ಲಿ ಅಲ್ಲಿನ ಮೂವರು ದೊರೆಗಳು, ಖಾಮ, ಸೆಬೆಲೆ ಮತ್ತು ಬಾತೊಯೆನ್, ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ನಮ್ಮ ನೆಲವನ್ನು ಬ್ರಿಟಿಷ್ ಉದ್ಯಮಿ ಸೆಸಿಲ್ ರೋಡ್ಸ್‌ನ ಕಂಪನಿಗೆ ಒಪ್ಪಿಸಬೇಡಿ, ರಾಣಿಯ ರಕ್ಷಣೆಯಲ್ಲೇ ಇರಿಸಿ ಎಂದು ಊರೂರಿನ ಸಭೆಗಳಲ್ಲಿ ಮಾತನಾಡಿ ಜನಾಭಿಪ್ರಾಯ ಕಟ್ಟಿದರು. ರೈಲುಮಾರ್ಗಕ್ಕೆ ಒಂದು ಪಟ್ಟಿ ನೆಲ ಬಿಟ್ಟುಕೊಟ್ಟು ಉಳಿದದ್ದನ್ನು ಉಳಿಸಿಕೊಂಡು ಹಿಂದಿರುಗಿದರು. ಅವರು ಕೇಳಿದ್ದು ರಕ್ಷಣೆಯನ್ನೇ, ಆ ಪದವನ್ನು ತೂಗಿ ನೋಡಿಯೇ ಕೇಳಿದ್ದರು. ಆ ಪುಟದಲ್ಲಿ ‘ಅಧೀನ’ವನ್ನು ಹೊಡೆದು ‘ಸಂರಕ್ಷಿತ’ ಎಂದು ಮರಳಿ ಬರೆದಿದ್ದೇನೆ, ಪೆನ್ಸಿಲಿನಲ್ಲಿ.