ಹಳೆ ಪೋರ್ಷೆ 944ರ ಸಿವಿ ಜಾಯಿಂಟ್: ಎಷ್ಟು ಸವೆದಿದೆ ಅಂತ ನಾನು ನೋಡಿದ್ದು ಹೇಗೆ

ಗಾಡಿ ಹಿಂದುಗಡೆ ಸದ್ದು ಬಂದರೆ ಸಾಕು, "ಸಿವಿ ಜಾಯಿಂಟ್ ಹೋಗಿದೆ, ನಾಲ್ಕೂ ಬದಲಾಯಿಸಿ" ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ಸಿವಿ ಜಾಯಿಂಟ್ ಅಂದರೆ ಕೋನ ಬದಲಾದರೂ ಚಕ್ರವನ್ನು ಒಂದೇ ಸಮನೆ ತಿರುಗಿಸುವ ಕೀಲು. ನನಗೆ ಇದು ಒಪ್ಪಿಗೆಯಿಲ್ಲ. ಹಳೆ ಕಾರಿನಲ್ಲಿ ಮೊದಲಿಂದ ಇರುವ ಜಾಯಿಂಟ್ ಚೆನ್ನಾಗಿದ್ದರೆ ಅದನ್ನು ತೆಗೆದು ಅಗ್ಗದ ಹೊಸದು ಹಾಕುವುದು ನಷ್ಟ. ಅದಕ್ಕೇ ನಾನು ಬಿಚ್ಚಿ, ತೊಳೆದು, ಮುಟ್ಟಿ ನೋಡಿದ ಮೇಲೆ ತೀರ್ಮಾನ ಮಾಡಿದೆ.

ನಾನು ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಕಾರು 1986ರ ಪೋರ್ಷೆ 944. ಇಲ್ಲಿಂದ ಸ್ವಲ್ಪ ಉತ್ತರಕ್ಕಿರುವ ನೆಕ್ಕಾರ್ಸುಲ್ಮ್‌ನ ಔಡಿ ಕಾರ್ಖಾನೆಯಲ್ಲಿ ತಯಾರಾದದ್ದು. ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಮುಂದಿದೆ, ಗೇರ್‌ಬಾಕ್ಸ್ ಹಿಂದಿದೆ, ಎರಡನ್ನೂ ಸೇರಿಸಲು ಮಧ್ಯೆ ಟಾರ್ಕ್ ಟ್ಯೂಬ್. ಗೇರ್‌ಬಾಕ್ಸಿನ ಎರಡೂ ಬದಿಗೆ ಚಕ್ರ ತಿರುಗಿಸುವ ಒಂದೊಂದು ಡ್ರೈವ್ ಶಾಫ್ಟ್, ಪ್ರತಿ ಶಾಫ್ಟಿಗೂ ಒಳಗೊಂದು ಹೊರಗೊಂದು ಸಿವಿ ಜಾಯಿಂಟ್.

ಊರಲ್ಲಿ ಮಾರುತಿ 800 ಓಡಿಸಿದವರಿಗೆ ಸಿವಿ ಜಾಯಿಂಟ್ ಅಂದರೆ ಒಂದೇ ಪರೀಕ್ಷೆ ಗೊತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿ, ನಿಧಾನ ಮುಂದೆ ಬಿಟ್ಟರೆ ಕಟ ಕಟ ಅಂದರೆ ಹೋಯ್ತು ಅಂತ ಲೆಕ್ಕ. ಮುಂದಿನ ಚಕ್ರ ಎಳೆಯುವ ಗಾಡಿಗೆ ಅದು ಸರಿ. 944ರಲ್ಲಿ ಎಳೆಯುವುದು ಹಿಂದಿನ ಚಕ್ರ, ಅವು ಪಕ್ಕಕ್ಕೆ ತಿರುಗುವುದೇ ಇಲ್ಲ. ಜಾಯಿಂಟ್ ಯಾವಾಗಲೂ ಹೆಚ್ಚು ಕಡಿಮೆ ಒಂದೇ ಕೋನದಲ್ಲಿ ಓಡುತ್ತದೆ. ಆದ್ದರಿಂದ ಜಾಯಿಂಟಿನೊಳಗಿನ ಉಕ್ಕಿನ ಗುಂಡುಗಳು ತಮಗಾಗಿ ಕಡೆದ ತೋಡಿನಲ್ಲಿ ಓಡುವುದು ಅದೇ ಸಣ್ಣ ಜಾಗದಲ್ಲಿ. ಹಳೆ ಮನೆಯ ಹೊಸ್ತಿಲು ಮಧ್ಯದಲ್ಲಿ ಮಾತ್ರ ಸವೆಯುತ್ತದಲ್ಲ, ಹಾಗೆ ಇದೂ ಒಂದೇ ಕಡೆ ಸವೆಯುತ್ತದೆ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ನನ್ನ ಗಾಡಿಯಲ್ಲಿ ಎರಡು ಸದ್ದು ಇತ್ತು. ಆಕ್ಸಿಲರೇಟರ್ ಬಿಟ್ಟು ಒತ್ತಿದಾಗ ಒಂದೇ ಸಲ 'ಠಣ್'. ಎರಡನೇ ಗೇರಿನಲ್ಲಿ ನಿಧಾನವಾಗಿ ಎಳೆಯುವಾಗ ಚಕ್ರದ ಲಯಕ್ಕೆ 'ಟಿಕ್ ಟಿಕ್'. ಎರಡನ್ನೂ ಒಟ್ಟು ಮಾಡಿ ಜಾಯಿಂಟಿನ ತಲೆಗೆ ಕಟ್ಟುವುದು ಸರಿಯಲ್ಲ. ಹಳೆ 944ರ ಕ್ಲಚ್ ಪ್ಲೇಟಿನ ಮಧ್ಯೆ ರಬ್ಬರ್ ಇರುತ್ತದೆ, ವಯಸ್ಸಾದ ಹಾಗೆ ಅದು ಹರಿಯುತ್ತದೆ, ಆಗಲೂ ಹೀಗೇ ಠಣ್ ಅನ್ನುತ್ತದೆ. ಗೇರ್‌ಬಾಕ್ಸನ್ನು ಹಿಡಿದಿರುವ ಮೌಂಟ್ ಇಳಿದಿದ್ದರೂ ಅನ್ನುತ್ತದೆ. ವೀಲ್ ಬೇರಿಂಗ್ ಸದ್ದು ಬೇರೆ: ಅದು ಗುಂಯ್ ಅನ್ನುತ್ತದೆ, ವೇಗಕ್ಕೆ ತಕ್ಕಂತೆ ಏರುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಒತ್ತಿದರೂ ಅಷ್ಟಾಗಿ ಬದಲಾಗುವುದಿಲ್ಲ.

ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಕಿಟಕಿ ಇಳಿಸಿ ಓಡಿಸಿದೆ. ಸದ್ದು ಗೋಡೆಗೆ ಬಡಿದು ವಾಪಸ್ ಬರುವುದರಿಂದ ಯಾವ ಬದಿ ಅಂತ ಚೆನ್ನಾಗಿ ತಿಳಿಯುತ್ತದೆ. ಬಲಗಡೆ. ಆಮೇಲೆ ರಿವರ್ಸ್‌ನಲ್ಲಿ ಅಷ್ಟೇ ನಿಧಾನವಾಗಿ ಎಳೆಸಿದೆ. ಟಿಕ್ ಟಿಕ್ ಮಾಯ! ಇದು ದೊಡ್ಡ ಸುಳಿವು. ಗಾಡಿ ಮುಂದೆ ಹೋಗುವಾಗ ಗುಂಡು ತೋಡಿನ ಒಂದು ಗೋಡೆಗೆ ಒತ್ತುತ್ತದೆ, ಹಿಂದೆ ಹೋಗುವಾಗ ಎದುರು ಗೋಡೆಗೆ. ಮುಂದೆ ಹೋಗುವುದೇ ಜಾಸ್ತಿ, ಆದ್ದರಿಂದ ಆ ಗೋಡೆ ಮೊದಲು ಸವೆಯುತ್ತದೆ.

ಕೆಳಗೆ ಮಲಗಿ ನೋಡುವಾಗ ಸುಮಾರು ಜನ ಶಾಫ್ಟನ್ನು ಒಳಗೆ ಹೊರಗೆ ಎಳೆದು, ಅಲ್ಲಾಡುತ್ತದೆ, ಲೂಸ್ ಆಗಿದೆ ಅನ್ನುತ್ತಾರೆ. ಅದು ಲೂಸ್ ಅಲ್ಲ. ಈ ಜಾಯಿಂಟ್ ಮಾಡಿರುವುದೇ ಹಾಗೆ. ಒಳಗಿನ ನಕ್ಷತ್ರದ ಆಕಾರದ ತುಂಡಿಗೂ ಹೊರಗಿನ ಉಂಗುರಕ್ಕೂ ಇರುವ ಆರು ತೋಡುಗಳನ್ನು ಓರೆಯಾಗಿ, ಒಂದಕ್ಕೊಂದು ಅಡ್ಡ ಬರುವಂತೆ ಕಡೆದಿರುತ್ತಾರೆ. ಅವು ಸೇರುವ ಜಾಗದಲ್ಲಿ ಆರು ಗುಂಡು ಕೂರುತ್ತವೆ. ಚಕ್ರ ಮೇಲೆ ಕೆಳಗೆ ಆಡುವಾಗ ಶಾಫ್ಟ್ ಒಳಗೆ ಹೊರಗೆ ಜಾರಬೇಕಲ್ಲ, ಅದಕ್ಕೇ ಈ ಏರ್ಪಾಟು. ನೋಡಬೇಕಾದದ್ದು ತಿರುಗುವ ದಿಕ್ಕಿನ ಪ್ಲೇ, ಅಂದರೆ ಸಡಿಲಾಟ, ಮಾತ್ರ. ಒಳ್ಳೆ ಜಾಯಿಂಟಿನಲ್ಲಿ ಅದು ಕೈಗೆ ಸಿಗುವಷ್ಟು ಇರುವುದೇ ಇಲ್ಲ.

ಇನ್ನೊಂದು ವಿಷಯ. ಗಾಡಿಯನ್ನು ಲಿಫ್ಟಿಗೆ ಏರಿಸಿದರೆ ಹಿಂದಿನ ಚಕ್ರ ಕೆಳಗೆ ಜೋತು ಬೀಳುತ್ತದೆ, ಜಾಯಿಂಟಿನ ಕೋನ ಬದಲಾಗುತ್ತದೆ, ಗುಂಡುಗಳು ಸವೆಯದ ಜಾಗಕ್ಕೂ ಹೋಗಿ ಕೂರುತ್ತವೆ. ಇರುವ ಪ್ಲೇ ಆಗ ಅಡಗಿಬಿಡಬಹುದು. ಅದಕ್ಕೆ ನಾನು ಬಾಡಿಗೆಗೆ ಸಿಗುವ ವರ್ಕ್‌ಶಾಪಿನಲ್ಲಿ ಗಾಡಿಯನ್ನು ಕೆಳಗಿಳಿದು ನೋಡುವ ಗುಂಡಿಯ ಮೇಲೆ, ತನ್ನ ಚಕ್ರದ ಮೇಲೇ ನಿಲ್ಲಿಸಿ ನೋಡಿದೆ. ಶಾಫ್ಟಿಗೆ ಒಂದು ಕೇಬಲ್ ಟೈ ಬಿಗಿದು, ಅದರ ಬಾಲ ಚಕ್ರದ ಕಡೆಯ ಫ್ಲ್ಯಾಂಜಿನ (ಜಾಯಿಂಟನ್ನು ಬೋಲ್ಟ್ ಹಾಕಿ ಕೂರಿಸುವ ತಟ್ಟೆ) ಅಂಚಿಗೆ ಮುಟ್ಟುವ ಹಾಗೆ ಬಿಟ್ಟೆ. ಮುಟ್ಟುವ ಕಡೆ ಬಿಳಿ ಪೇಂಟ್ ಪೆನ್ನಿನಲ್ಲಿ ಗೆರೆ. ಗೇರ್ ನ್ಯೂಟ್ರಲ್. ಎರಡೂ ಕೈಯಿಂದ ಶಾಫ್ಟ್ ಹಿಡಿದು ಆಚೆ ಈಚೆ ತಿರುಚಿದೆ. ಎಡಗಡೆ ಬಾಲ ಗೆರೆ ಬಿಟ್ಟು ಕದಲಲಿಲ್ಲ. ಬಲಗಡೆ ಹೊರ ಜಾಯಿಂಟಿನಲ್ಲಿ ಬಾಲ ಗೆರೆಯ ಆಚೆ ಒಮ್ಮೆ ಈಚೆ ಒಮ್ಮೆ ಬಂದಿತು, ಕೈಗೆ ಸಣ್ಣ 'ಟಕ್' ಕೂಡ ತಾಗಿತು. ಒಳ ಜಾಯಿಂಟಿಗೂ ಇದೇ ಉಪಾಯ, ಆದರೆ ಗೇರಿನಲ್ಲಿ ಹಾಕಿ. ಅಲ್ಲಿ ಫ್ಲ್ಯಾಂಜೇ ಡಿಫರೆನ್ಷಿಯಲ್ ಪ್ಲೇಯಿಂದ ಸ್ವಲ್ಪ ತಿರುಗುತ್ತದೆ, ಅದನ್ನು ಲೆಕ್ಕಕ್ಕೆ ತಗೋಬೇಡಿ. ಫ್ಲ್ಯಾಂಜಿಗೂ ಶಾಫ್ಟಿಗೂ ನಡುವಿನ ವ್ಯತ್ಯಾಸ ಮಾತ್ರ ನೋಡಿ.

ಬಲಗಡೆ ಹೊರ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟಿನ ಮಡಿಕೆಯಲ್ಲಿ ಬಿರುಕೂ ಇತ್ತು. ಇಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಡ್ಡಾಯ ತಪಾಸಣೆಯಲ್ಲಿ ಹರಿದ ಬೂಟನ್ನು ಬಿಡುವುದಿಲ್ಲ, ಒಳ್ಳೆಯದೇ. ಬೂಟ್ ಹರಿದು ಗ್ರೀಸ್ ಹೊರಗೆ, ನೀರು ಮಣ್ಣು ಒಳಗೆ ಹೋದ ಮೇಲೆ ಜಾಯಿಂಟ್ ಬೇಗ ಸಾಯುತ್ತದೆ.

ಬಿಚ್ಚುವ ಕೆಲಸ ಕಷ್ಟವಲ್ಲ. ಈ ಗಾಡಿಯಲ್ಲಿ ಆಕ್ಸಲ್ ನಟ್ ಮುಟ್ಟಬೇಕಾಗಿಲ್ಲ, ಪ್ರತಿ ಜಾಯಿಂಟಿಗೆ ಆರು ಎಂ8 ಬೋಲ್ಟ್ ತೆಗೆದರೆ ಶಾಫ್ಟ್ ಕೈಗೆ ಬರುತ್ತದೆ. ಬೋಲ್ಟಿನ ತಲೆಯ ಕುಳಿಯಲ್ಲಿ ಗಟ್ಟಿಯಾದ ಗ್ರೀಸು ಮಣ್ಣು ತುಂಬಿರುತ್ತದೆ. ಅದನ್ನು ಸೂಜಿಯಿಂದ ಕೆದಕಿ, ಸ್ಪ್ರೇ ಹೊಡೆದು ತೊಳೆದು, ಟೂಲನ್ನು ಸುತ್ತಿಗೆಯಿಂದ ಕೊನೆಯವರೆಗೂ ತಟ್ಟಿದ ಮೇಲೆಯೇ ತಿರುಗಿಸಿ. ಅವಸರ ಮಾಡಿದರೆ ತಲೆ ಸವೆದು ಆ ಬೋಲ್ಟ್ ಬರುವುದೇ ಇಲ್ಲ. ನಾಲ್ಕು ಜಾಯಿಂಟಿಗೆ ನಾಲ್ಕು ಡಬ್ಬ, ಮೇಲೆ "ಎಡ ಒಳ", "ಬಲ ಹೊರ" ಅಂತ ಚೀಟಿ. ಒಂದರ ಗುಂಡು ಇನ್ನೊಂದಕ್ಕೆ ಬೆರೆಯಬಾರದು, ಅವು ಜೊತೆ ನೋಡಿ ಹಾಕಿದ ಸೆಟ್.

ತೊಳೆಯುವ ಮೊದಲು ಗ್ರೀಸನ್ನು ಬೆರಳಲ್ಲಿ ಉಜ್ಜಿ ನೋಡಿ. ಕಪ್ಪಗಿದ್ದರೆ ಹೆದರಬೇಡಿ, ಮಾಲಿಬ್ಡಿನಮ್ ಹಾಕಿದ ಗ್ರೀಸಿನ ಬಣ್ಣವೇ ಅದು. ಬಿಸಿಲಿಗೆ ಹಿಡಿದಾಗ ಬೆಳ್ಳಿ ಪುಡಿ ಮಿನುಗಿದರೆ ಲೋಹ ಸವೆಯುತ್ತಿದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿ ತುಕ್ಕು ಹಿಡಿದಿದೆ. ನನ್ನ ಮೂರು ಜಾಯಿಂಟಿನ ಗ್ರೀಸ್ ಬರೀ ಕಪ್ಪು. ಬಲ ಹೊರಗಿನದರಲ್ಲಿ ಕಂದೂ ಇತ್ತು, ಮಿನುಗೂ ಇತ್ತು.

ಪೂರ್ತಿ ತೊಳೆದು ಒಣಗಿಸಿದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಪ್ರತಿ ತೋಡನ್ನೂ ನೋಡಿದೆ. ಗುಂಡು ಓಡಿದ ಜಾಗ ಕನ್ನಡಿಯಂತೆ ಹೊಳೆಯುತ್ತದೆ. ಈ ಹೊಳಪು ಸವೆತವಲ್ಲ. ಅದರ ಮೇಲೆ ಉಗುರನ್ನು ಉದ್ದಕ್ಕೆ ಎಳೆಯಿರಿ. ಎಲ್ಲೂ ತಡೆಯದೆ ಜಾರಿದರೆ ಆ ತೋಡು ಚೆನ್ನಾಗಿದೆ. ಉಗುರು ಒಂದು ತಗ್ಗಿಗೆ ಇಳಿದು ಅಂಚಿಗೆ ತಡೆದರೆ ಅಥವಾ ಚಿಕ್ಕ ಚಿಕ್ಕ ಗುಳಿ ಸಿಕ್ಕರೆ ಆ ಜಾಯಿಂಟ್ ಮುಗಿಯಿತು. ಉಕ್ಕಿನ ಗಟ್ಟಿ ಪದರ ಮೇಲ್ಗಡೆ ಮಾತ್ರ ಇರುವುದು. ಅದು ಒಮ್ಮೆ ಎದ್ದರೆ ಎಷ್ಟು ಹೊಸ ಗ್ರೀಸ್ ಹಾಕಿದರೂ ಪ್ರಯೋಜನವಿಲ್ಲ. ನೀಲಿ ಬಣ್ಣ ಕಂಡರೆ ಅತಿಯಾಗಿ ಕಾದಿದೆ ಅಂತ ಅರ್ಥ, ಅದನ್ನೂ ನಾನು ಹಾಕುವುದಿಲ್ಲ. ಗುಂಡುಗಳನ್ನು ಕೂರಿಸುವ ಕೇಜನ್ನು ಮರೆಯಬೇಡಿ. ಅದರ ಕಿಟಕಿಗಳ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ಗುಂಡು ಕಿಟಕಿಯಲ್ಲಿ ಸ್ವಲ್ಪ ಬಿಗಿಯಾಗಿ ಕೂರಬೇಕು, ಗಡಗಡ ಅನ್ನಬಾರದು.

ಬಲ ಹೊರ ಜಾಯಿಂಟಿನ ತೋಡುಗಳಲ್ಲಿ ಗುಳಿ ಇತ್ತು, ಅದೂ ಒಂದೇ ಗೋಡೆಯಲ್ಲಿ. ಅದೊಂದನ್ನೇ ಬದಲಾಯಿಸಿದೆ. ಸಿವಿ ಜಾಯಿಂಟ್ ಮಾಡುವ ಲೋಬ್ರೋ ಕಂಪನಿಯದೇ ತರಿಸಿದೆ, ಬೆಲೆ ಜಾಸ್ತಿಯಾದರೂ ಅದೇ ಸರಿ ಅಂತ ನನ್ನ ಅಭಿಪ್ರಾಯ. ಉಳಿದ ಮೂರಕ್ಕೆ ಹೊಸ ಗ್ರೀಸ್, ನಾಲ್ಕಕ್ಕೂ ಹೊಸ ಬೂಟ್. ಶಾಫ್ಟ್ ಎರಡೂ ಅಳೆದು ನೋಡಿದೆ, ಉದ್ದ ಒಂದೇ ಇತ್ತು. ಆದ್ದರಿಂದ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದೆ, ಹೊರ ತುದಿ ಹೊರಗೇ ಇಟ್ಟು. ಹೀಗೆ ಮಾಡಿದರೆ ಇಷ್ಟು ವರ್ಷ ಭಾರ ಬೀಳದ ಗೋಡೆಗೆ ಈಗ ಭಾರ ಬೀಳುತ್ತದೆ.

ಜೋಡಿಸುವಾಗ ಒಂದೇ ಎಚ್ಚರ. ಒಳಗಿನ ತುಂಡಿನಲ್ಲಿ ತೋಡುಗಳ ನಡುವಿನ ದಿಂಡು ಒಂದು ಅಗಲ, ಒಂದು ಕಿರಿದು ಇರುತ್ತದೆ. ಹೊರ ಉಂಗುರದಲ್ಲೂ ಹಾಗೇ. ಅಗಲದ ಎದುರು ಕಿರಿದು ಬರಬೇಕು. ಅಗಲಕ್ಕೆ ಅಗಲ ಬಂದರೆ ಜಾಯಿಂಟ್ ಸಿಕ್ಕಿಕೊಳ್ಳುತ್ತದೆ. ಬಟ್ಟಲಿನ ಆಕಾರದ ವಾಷರ್ ಯಾವ ಕಡೆಗಿತ್ತು ಅಂತ ಬಿಚ್ಚುವಾಗಲೇ ಫೋಟೋ ತೆಗೆದಿಡಿ. ಫ್ಲ್ಯಾಂಜಿನ ಮುಖದಲ್ಲಿ, ಬೋಲ್ಟಿನ ತೂತಿನಲ್ಲಿ ಗ್ರೀಸ್ ಒಂದು ಚೂರೂ ಉಳಿಯಬಾರದು, ಉಳಿದರೆ ಬೋಲ್ಟ್ ಸಡಿಲವಾಗುತ್ತದೆ. ಟಾರ್ಕ್ 42 ನ್ಯೂಟನ್ ಮೀಟರ್. ಸ್ವಲ್ಪ ಓಡಿಸಿ ಬಂದು ಇನ್ನೊಮ್ಮೆ ಬಿಗಿ ನೋಡಿದೆ.

ಟಿಕ್ ಟಿಕ್ ಪೂರ್ತಿ ಹೋಗಿದೆ. ಠಣ್ ಇನ್ನೂ ಇದೆ. ಜಾಯಿಂಟ್ ನಾಲ್ಕೂ ಸರಿಯಿದೆ, ಮೌಂಟ್ ಕೂಡ ನೋಡಿಯಾಗಿದೆ, ಹಾಗಾಗಿ ನನ್ನ ಅನುಮಾನ ಕ್ಲಚ್ ಪ್ಲೇಟಿನ ರಬ್ಬರಿನ ಮೇಲೆ. ಅದಕ್ಕೆ ಗೇರ್‌ಬಾಕ್ಸ್ ಇಳಿಸಿ ಟಾರ್ಕ್ ಟ್ಯೂಬ್ ಹಿಂದಕ್ಕೆ ಸರಿಸಬೇಕು, ದೊಡ್ಡ ಕೆಲಸ. ಚಳಿಗಾಲದಲ್ಲಿ ಗಾಡಿ ನಿಂತಾಗ ಮಾಡುತ್ತೇನೆ. ಆಗ ಡ್ರೈವ್ ಶಾಫ್ಟ್ ಹೇಗೂ ಬಿಚ್ಚಬೇಕು, ಅದಲು ಬದಲು ಮಾಡಿದ ಮೇಲೆ ಎದುರು ಗೋಡೆ ಹೇಗಿದೆ ಅಂತ ಅವತ್ತೇ ನೋಡಿದರಾಯಿತು.