ಡೇಟಾಬೇಸ್ ಕಂಪನಿಯ ಷೇರು: ಕಾಫಿ ದುಡ್ಡು ಹಾಕುವ ಮುನ್ನ ಮಾಡಬೇಕಾದ ಲೆಕ್ಕ

ಕೊಯ್ಲು ಮುಗಿದು ಚೆರಿ ಮಾರಿದ ದುಡ್ಡು ಖಾತೆಗೆ ಬಿದ್ದಾಗ, ‘ಡೇಟಾಬೇಸ್ ಮಾರುಕಟ್ಟೆ ಭಾರಿ ಬೆಳೆಯಲಿದೆ’ ಎಂಬ ವರದಿಗಳೂ ಮೊಬೈಲಿಗೆ ಬರುತ್ತವೆ. ಡೇಟಾಬೇಸ್ ಎಂದರೆ ಮಾಹಿತಿಯನ್ನು ಕೂಡಿಟ್ಟು, ಬೇಕಾದಾಗ ಹುಡುಕಿಕೊಡುವ ತಂತ್ರಾಂಶ. ಗೋಣಿಕೊಪ್ಪದಲ್ಲಿ ಕೂತೇ ಅಮೆರಿಕದ ಷೇರು ಕೊಳ್ಳಬಹುದು, ನಿಜ. ಆದರೆ ಮಾರುಕಟ್ಟೆ ಬೆಳೆಯುವುದು ಬೇರೆ, ನೀವು ಕೊಂಡ ಕಂಪನಿ ಗಳಿಸುವುದು ಬೇರೆ.

ಮೊದಲು ಹಳೆಯದನ್ನು ನೋಡಿ. ಆಬ್ಜೆಕ್ಟ್ ಡೇಟಾಬೇಸ್ ಎಂದರೆ ಪ್ರೋಗ್ರಾಮಿನ ಮಾಹಿತಿಯನ್ನು ಕೋಷ್ಟಕಗಳಾಗಿ ಒಡೆಯದೆ ಇದ್ದ ರೂಪದಲ್ಲೇ ಉಳಿಸುವ ತಂತ್ರಾಂಶ. ಆಬ್ಜೆಕ್ಟ್ ಡಿಸೈನ್, ವರ್ಸಂಟ್ ಎರಡೂ 1996ರಲ್ಲಿ ದೊಡ್ಡ ನಿರೀಕ್ಷೆಯೊಂದಿಗೆ ಷೇರುಪೇಟೆಗೆ ಬಂದವು. ಮೊದಲನೆಯದು ಹೆಸರು ಬದಲಿಸಿಕೊಂಡು 2002ರಲ್ಲಿ ಪ್ರೋಗ್ರೆಸ್ ಸಾಫ್ಟ್‌ವೇರ್ ಪಾಲಾಯಿತು, ಎರಡನೆಯದನ್ನು 2012ರಲ್ಲಿ ಆಕ್ಟಿಯನ್ ಕೊಂಡಿತು. ತಂತ್ರಜ್ಞಾನವೇನೂ ಕೆಟ್ಟದಾಗಿರಲಿಲ್ಲ. ಕಚೇರಿಗಳ ವರದಿಗಳು, ಸಿಬ್ಬಂದಿಯ ಕಲಿಕೆ ಎಲ್ಲವೂ ಕೋಷ್ಟಕಗಳಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ಗೆ ಒಗ್ಗಿಹೋಗಿದ್ದವು. ಒರಾಕಲ್‌ನಂಥ ಹಳೆಯ ಕೋಷ್ಟಕ ಡೇಟಾಬೇಸಿನವರು ಆಬ್ಜೆಕ್ಟ್ ಸೌಲಭ್ಯವನ್ನೂ ತಮ್ಮಲ್ಲೇ ಸೇರಿಸಿಕೊಂಡರು. ಹಾಗಾಗಿ ಇಂದಿನ ಕಂಪನಿಗೂ ಇದೇ ಪ್ರಶ್ನೆ ಹಾಕಿ: ಗ್ರಾಹಕ ಹಳೆಯದನ್ನು ಬಿಟ್ಟು ಯಾಕೆ ಬರಬೇಕು?

ಎರಡನೆಯದು, ಕಂಪನಿಯ 10-ಕೆ ವಾರ್ಷಿಕ ವರದಿ. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಎಡ್ಗರ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಆದಾಯದಲ್ಲಿ ಚಂದಾ ಎಷ್ಟು, ಒಂದು ಸಲದ ಸೇವಾ ಶುಲ್ಕ ಎಷ್ಟು ನೋಡಿ. ಚೀಲದ ರೇಟು ಕೇಳಿ ಓಟಿ (ಔಟ್ ಟರ್ನ್, ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಕೇಳದೆ ಚೆರಿ ಕೊಳ್ಳುವವರಿಲ್ಲ. ಇಲ್ಲಿ ಓಟಿ ಎಂದರೆ ಕೈಗೆ ಉಳಿಯುವ ನಗದು. ವ್ಯವಹಾರದಿಂದ ಬಂದ ನಗದಿನಲ್ಲಿ ನೌಕರರಿಗೆ ಷೇರಾಗಿ ಕೊಟ್ಟ ಸಂಬಳವನ್ನು ಕಳೆದುಬಿಡಿ. ಹಲವು ಕಂಪನಿಗಳ ‘ಲಾಭ’ ಅಲ್ಲೇ ಮಾಯ. ಹಳೆ ಗ್ರಾಹಕರು ಹಿಂದಿನ ವರ್ಷಕ್ಕೆ ಹೋಲಿಸಿದರೆ ಈಗ ಎಷ್ಟು ಖರ್ಚು ಮಾಡುತ್ತಾರೆಂದು ತೋರಿಸುವ ‘ನೆಟ್ ರಿಟೆನ್ಷನ್’ 100%ಗಿಂತ ಮೇಲಿದ್ದರೆ ಸರಿ. ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಇಳಿಯುತ್ತಿದ್ದರೆ ಕಾಯಿರಿ.

ಅಪಾಯಗಳ ಅಧ್ಯಾಯವನ್ನು ಬಿಡಬೇಡಿ. ಡೇಟಾಬೇಸ್ ಕಂಪನಿ ಮೊಂಗೊಡಿಬಿ, ತನ್ನ ತಂತ್ರಾಂಶವನ್ನು ಬೇರೆಯವರು ಕ್ಲೌಡ್ ಸೇವೆಯಾಗಿ ಮಾರುವುದಕ್ಕೆ 2018ರಲ್ಲಿ ಪರವಾನಗಿ ಬಿಗಿ ಮಾಡಿತು; ಕೆಲವೇ ತಿಂಗಳಲ್ಲಿ, 2019ರ ಜನವರಿಯಲ್ಲಿ, ಅಮೆಜಾನ್ ಅದಕ್ಕೆ ಹೊಂದುವ ಡಾಕ್ಯುಮೆಂಟ್‌ಡಿಬಿಯನ್ನು ತಂದಿತು. ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಕಂಪ್ಯೂಟರ್, ಬಾಡಿಗೆಗೆ ಕೊಡುವವನೇ ಪೈಪೋಟಿಗಾರ!

ಈಗ ಬೆಲೆ. ಕಂಪನಿಯ ಒಟ್ಟು ಷೇರುಮೌಲ್ಯವನ್ನು ವರ್ಷದ ಆದಾಯದಿಂದ ಭಾಗಿಸಿ. ಆದಾಯ 100 ಕೋಟಿ, ಮೌಲ್ಯ 2,000 ಕೋಟಿ ಎಂದಿಟ್ಟುಕೊಳ್ಳಿ: 20 ಪಟ್ಟು. ಐದು ವರ್ಷದಲ್ಲಿ ಆದಾಯ 300 ಕೋಟಿಗೆ ಏರಿ, ಉತ್ಸಾಹ ತಣಿದು ಪಟ್ಟು 6ಕ್ಕೆ ಇಳಿದರೆ ಮೌಲ್ಯ 1,800 ಕೋಟಿ. ಕಂಪನಿ ಮೂರು ಪಟ್ಟು ಬೆಳೆದರೂ ನಿಮಗೆ ನಷ್ಟ. ಜೊತೆಗೆ ಹೊಸ ಷೇರು ಹೊರಡಿಸಿದ್ದರೆ ನಿಮ್ಮ ಪಾಲು ಇನ್ನಷ್ಟು ಸಣ್ಣದು.

ಹಣ ಕಳಿಸುವುದು ಸುಲಭ. ಬ್ಯಾಂಕಿನಲ್ಲಿ ವಿದೇಶಕ್ಕೆ ಹಣ ಕಳಿಸುವ ಎ2 ಅರ್ಜಿ, ಪ್ಯಾನ್ ಸಾಕು. ಆರ್ಥಿಕ ವರ್ಷಕ್ಕೆ ಒಬ್ಬರಿಗೆ 2,50,000 ಡಾಲರ್ ಮಿತಿ. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ 20% ಟಿಸಿಎಸ್ (ಮುಂಗಡವಾಗಿ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ, ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು.

ಬೆಳೆಗಾರರು ಎಡವುವುದು ಇದರ ನಂತರ. ಹಸಿ ಕಾಫಿ ಮಾರಿದ ಕೃಷಿ ಆದಾಯಕ್ಕೆ ತೆರಿಗೆಯಿಲ್ಲವೆಂದು ರಿಟರ್ನ್ ಸಲ್ಲಿಸದವರು ನಮ್ಮಲ್ಲಿ ಇದ್ದಾರೆ. ವಿದೇಶಿ ಷೇರು ಒಂದೇ ಒಂದಿದ್ದರೂ ರಿಟರ್ನ್ ಕಡ್ಡಾಯ. ಸರಳ ನಮೂನೆಯಾದ ಐಟಿಆರ್-1 ನಡೆಯದು, ಐಟಿಆರ್-2 ಅಥವಾ 3ರಲ್ಲಿ ವಿದೇಶಿ ಆಸ್ತಿಯ ಪಟ್ಟಿಯಾದ ‘ಷೆಡ್ಯೂಲ್ ಎಫ್ಎ’ ತುಂಬಬೇಕು. ಅದರ ಲೆಕ್ಕ ಏಪ್ರಿಲ್‌ನಿಂದಲ್ಲ, ಜನವರಿಯಿಂದ ಡಿಸೆಂಬರ್‌ವರೆಗೆ.