ಸ್ನೋ ನಿಂತ್ಮೇಲೂ ಫ್ಲೈಟ್ ಯಾಕೆ ಹೊರಡಲ್ಲ? ಡಿಐಸಿಂಗ್ ಪ್ಯಾಡ್‌ನಲ್ಲಿ ನನ್ನ ಅನುಭವ

ಸ್ನೋ ನಿಂತು ಮೂರು ಗಂಟೆ ಆಯ್ತು, ಬಿಸಿಲೂ ಬಂದಿದೆ, ಇನ್ನೂ ಯಾಕೆ ಫ್ಲೈಟ್ ಕ್ಯಾನ್ಸಲ್ ಅಂತಿದಾರೆ ಅಂತ ಪ್ರತಿ ಚಳಿಗಾಲ ಯಾರಾದ್ರೂ ಒಬ್ರು ನಂಗೆ ಫೋನ್ ಮಾಡಿ ಬೈತಾರೆ, ಏನೋ ನಾನೇ ಮುಂದೆ ನಿಂತು ಕ್ಯಾನ್ಸಲ್ ಮಾಡಿಸಿದೀನಿ ಅನ್ನೋ ಥರ. ನಾನು ಏಳು ಚಳಿಗಾಲ ಡಿಐಸಿಂಗ್, ಅಂದ್ರೆ ಹಾರೋಕೆ ಮುಂಚೆ ವಿಮಾನದ ಮೇಲಿನ ಹಿಮ ತೆಗೆಯೋ ಕೆಲಸ ಮಾಡಿದೀನಿ, ಮೊದಲ ಮೂರು ವರ್ಷ ಟ್ರಕ್ ಮೇಲಿನ ಬಕೆಟ್‌ನಲ್ಲಿ ನಿಂತು ಸ್ಪ್ರೇ ಹೊಡೆಯೋನು, ಆಮೇಲೆ ಪ್ಯಾಡ್ ಕೋಆರ್ಡಿನೇಟರ್, ಅಂದ್ರೆ ವಿಮಾನ ನಿಲ್ಲಿಸಿ ಸ್ಪ್ರೇ ಹೊಡೆಯೋ ಜಾಗದಲ್ಲಿ ಯಾವುದಕ್ಕೆ ಯಾವಾಗ ಹೊಡೆಯೋದು ಅಂತ ನೋಡ್ಕೊಳ್ಳೋನು. ಯಾವ ಏರ್‌ಪೋರ್ಟು, ಯಾವ ಕಂಪನಿ ಅನ್ನೋದು ಬೇಡ ಬಿಡಿ, ಚಳಿಗಾಲ ಬಂದ್ರೆ ಚೆನ್ನಾಗಿ ಸ್ನೋ ಬೀಳೋ ಅಮೆರಿಕದ ಒಂದು ಏರ್‌ಪೋರ್ಟ್ ಅಂದ್ಕೊಳ್ಳಿ.

ಸ್ನೋ ಅಂದ್ರೆ ದಾರಿ ಕಾಣಲ್ಲ, ಅದಕ್ಕೇ ವಿಮಾನ ನಿಲ್ಲಿಸ್ತಾರೆ ಅಂತ ಸುಮಾರು ಜನ ಅಂದ್ಕೊಂಡಿದಾರೆ. ಅದೂ ಇದೆ, ಆದ್ರೆ ನಮ್ಮ ತಲೆನೋವು ರೆಕ್ಕೆ. ಮರಳು ಕಾಗದ ಇರುತ್ತಲ್ಲ, ಅಷ್ಟು ಒರಟಾಗಿ ಅಷ್ಟೇ ತೆಳ್ಳಗೆ ಹಿಮ ಕೂತ್ರೂ ಸಾಕು, ವಿಮಾನನ ಮೇಲೆತ್ತೋ ಬಲ (ಲಿಫ್ಟ್) 30 ಪರ್ಸೆಂಟ್‌ವರೆಗೂ ಕಮ್ಮಿ ಆಗಬಹುದು, ಹಿಂದಕ್ಕೆ ಎಳೆಯೋ ಗಾಳಿಯ ತಡೆ (ಡ್ರ್ಯಾಗ್) 40 ಪರ್ಸೆಂಟ್‌ವರೆಗೂ ಏರಬಹುದು. ಟ್ರೈನಿಂಗ್‌ನ ಮೊದಲ ದಿನ ನಮಗೆ ತೋರಿಸಿದ್ದೇ ಮೂರು ಆಕ್ಸಿಡೆಂಟ್: 1982ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಪೊಟೊಮ್ಯಾಕ್ ನದಿಗೆ ಬಿದ್ದಿದ್ದು, 1989ರಲ್ಲಿ ಕೆನಡಾದ ಡ್ರೈಡನ್‌ನಲ್ಲಿ ಆಗಿದ್ದು, 1992ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಲಾಗಾರ್ಡಿಯಾದಲ್ಲಿ ಆಗಿದ್ದು. ಮೂರನೇದು ನನ್ನ ತಲೆಯಿಂದ ಹೋಗೇ ಇಲ್ಲ. ಯಾಕಂದ್ರೆ ಆ ವಿಮಾನಕ್ಕೆ ಡಿಐಸಿಂಗ್ ಮಾಡಿದ್ರು, ಅದೂ ಎರಡು ಸಲ. ಎರಡನೇ ಸಲ ಮಾಡಿ ಸುಮಾರು 35 ನಿಮಿಷ ಆದ್ಮೇಲೆ ಟೇಕಾಫ್‌ಗೆ ಹೋಯ್ತು, ಅಷ್ಟೊತ್ತಿಗೆ ರೆಕ್ಕೆ ಮೇಲೆ ಮತ್ತೆ ಐಸ್. 27 ಜನ ಹೋದ್ರು. ಅಂದ್ರೆ ಸ್ಪ್ರೇ ಹೊಡೆದಿದೀವಿ ಅನ್ನೋದಕ್ಕೆ ಬೆಲೆ ಇಲ್ಲ, ಹೊಡೆದು ಎಷ್ಟು ಹೊತ್ತಾಯ್ತು ಅನ್ನೋದೇ ಲೆಕ್ಕ.

ಕೆಲಸ ಹೆಂಗೆ ಅಂದ್ರೆ, ವಿಮಾನ ಪ್ಯಾಡ್‌ಗೆ ಬಂದು ನಿಲ್ಲುತ್ತೆ, ಪೈಲಟ್ ಜೊತೆ ರೇಡಿಯೋದಲ್ಲಿ ಮಾತಾಡಿ ಬ್ರೇಕ್ ಹಾಕಿದಾರಾ, ಒಳಗೆ ಗಾಳಿ ಎಳ್ಕೊಳ್ಳೋದು ಆಫ್ ಮಾಡಿದಾರಾ ಅಂತ ಕನ್ಫರ್ಮ್ ಮಾಡ್ಕೊಬೇಕು, ಇಲ್ಲಾಂದ್ರೆ ನಾವು ಹೊಡೆಯೋ ಗ್ಲೈಕಾಲ್ ಫ್ಲೂಯಿಡ್‌ನ ಹೊಗೆ ಕ್ಯಾಬಿನ್ ತುಂಬಿ ಜನ ಬೆಂಕಿ ಬಿತ್ತು ಅಂತ ಹೆದರ್ತಾರೆ. ಆಮೇಲೆ ಟೈಪ್ ಒನ್ ಅನ್ನೋ ಫ್ಲೂಯಿಡ್ ಹೊಡೀತೀವಿ, ಕಿತ್ತಳೆ ಬಣ್ಣ, ನೀರಿನಷ್ಟೇ ತೆಳು, ನಾಜಲ್ ಹತ್ರ ಕಡಿಮೆ ಅಂದ್ರೂ 60 ಡಿಗ್ರಿ ಬಿಸಿ ಇರ್ಬೇಕು. ಇದು ಇರೋ ಹಿಮ ಕರಗಿಸಿ ತೊಳೆಯುತ್ತೆ ಅಷ್ಟೇ, ಹೊಸದಾಗಿ ಬೀಳೋದನ್ನ ತಡೆಯೋ ತಾಕತ್ತು ಅದಕ್ಕೆ ಕಮ್ಮಿ, ಜೋರು ಸ್ನೋ ಇದ್ರೆ ಹತ್ತು ನಿಮಿಷದ ಆಚೀಚೆ ಅದರ ಕಥೆ ಮುಗೀತು. ಅದಕ್ಕೇ ಅದರ ಮೇಲೆ ಟೈಪ್ ಫೋರ್, ಹಸಿರು ಬಣ್ಣ, ಶಾಂಪೂ ಥರ ಗಟ್ಟಿ. ಅದು ರೆಕ್ಕೆಗೆ ಅಂಟ್ಕೊಂಡು ಕೂತು, ಬೀಳೋ ಹಿಮನ ತನ್ನೊಳಗೇ ಕರಗಿಸ್ಕೊಳ್ಳುತ್ತೆ, ಟೇಕಾಫ್‌ಗೆ ಓಡುವಾಗ ಗಾಳಿ ಹೊಡೆತಕ್ಕೆ ತಾನೇ ಜಾರಿ ಹೋಗುತ್ತೆ. ಬಕೆಟ್‌ನಲ್ಲಿ ನಿಂತಾಗ ಗಾಳಿ ತಿರುಗಿದ್ರೆ ಆ ಹಸಿರೆಲ್ಲ ಹೆಲ್ಮೆಟ್ ಗ್ಲಾಸ್ ಮೇಲೆ ಬಂದು ಬೀಳುತ್ತೆ, ಒರೆಸಿದಷ್ಟೂ ಹರಡುತ್ತೆ, ಕೊನೆಗೆ ಹಾಳಾಗೋಗ್ಲಿ ಅಂತ ಗ್ಲಾಸ್ ಎತ್ತಿ ಬರೀ ಕಣ್ಣಲ್ಲೇ ನೋಡ್ಕೊಂಡು ಹೊಡೆಯೋದು. (ಹಾಗೆ ಮಾಡ್ಬಾರ್ದು. ಮಾಡಿದೀನಿ.)

ಮುಖ್ಯ ವಿಷ್ಯ ಏನಂದ್ರೆ, ಟೈಪ್ ಫೋರ್ ಹೊಡೆಯೋಕೆ ಶುರು ಮಾಡಿದ ಕ್ಷಣದಿಂದ ಗಡಿಯಾರ ಓಡೋಕೆ ಶುರು, ಮುಗಿಸಿದ ಕ್ಷಣದಿಂದ ಅಲ್ಲ. ಇದಕ್ಕೆ ಹೋಲ್ಡೋವರ್ ಟೈಮ್ ಅಂತಾರೆ. ಟೆಂಪರೇಚರ್ ಎಷ್ಟು, ಯಾವ ಥರ ಬೀಳ್ತಿದೆ, ಎಷ್ಟು ಜೋರಾಗಿದೆ ಅನ್ನೋದ್ರ ಮೇಲೆ ಟೇಬಲ್ ಇರುತ್ತೆ, ಪೈಲಟ್ ಅದನ್ನ ನೋಡ್ಕೊಂಡೇ ಲೆಕ್ಕ ಹಾಕೋದು. ಆ ಟೈಮ್ ಒಳಗೆ ನೆಲ ಬಿಡ್ಬೇಕು, ದಾಟಿದ್ರೆ ಟೇಕಾಫ್‌ಗೆ ಮುಂಚಿನ 5 ನಿಮಿಷದಲ್ಲಿ ರೆಕ್ಕೆ ಚೆಕ್ ಮಾಡ್ಲೇಬೇಕು, ಡೌಟ್ ಬಂದ್ರೆ ವಾಪಸ್ ಪ್ಯಾಡ್‌ಗೆ.

ನಾನು ಕೋಆರ್ಡಿನೇಟರ್ ಆದ ಮೊದಲ ವರ್ಷ ಇದನ್ನ ಬುಕ್ಕಲ್ಲಿ ಓದಿದ್ದೆ, ಆದ್ರೆ ನಿಜವಾಗ್ಲೂ ಅರ್ಥ ಆಗಿದ್ದು ಒಂದು ರಾತ್ರಿ. ಮೈನಸ್ ನಾಲ್ಕು, ಬಿಡದೇ ಸ್ನೋ ಬೀಳ್ತಿತ್ತು, ಗಾಳಿ ಅಡ್ಡ ಇದ್ದಿದ್ರಿಂದ ಒಂದೇ ರನ್‌ವೇ. ಪ್ಯಾಡ್‌ನಲ್ಲಿ ಮೂರು ಲೇನ್, ಮೂರರಲ್ಲೂ ವಿಮಾನ, ಹಿಂದೆ ಇನ್ನೂ ಆರೋ ಏಳೋ ನಿಂತಿದ್ವು. ನಾನು ಬೇಗ ಬೇಗ ಕಳಿಸ್ಬೇಕು ಅನ್ನೋ ಹುಮ್ಮಸ್ಸಲ್ಲಿ ಮೂರಕ್ಕೂ ಒಟ್ಟಿಗೆ ಹಸಿರು ಹೊಡೆಸ್ದೆ. ಅದೇ ಹೊತ್ತಿಗೆ ರನ್‌ವೇ ಮೇಲೆ ಸ್ನೋ ತಳ್ಳೋ ಪ್ಲೋ ಇಳಿದಿದ್ವು, ಅದನ್ನ ನಾನು ಕೇಳ್ಲೂ ಇಲ್ಲ, ಯಾರೂ ಹೇಳ್ಲೂ ಇಲ್ಲ. ಪ್ಲೋ ಅಂದ್ರೆ ಒಂದಲ್ಲ, ಓರೆಯಾಗಿ ಸಾಲಾಗಿ ಹತ್ತು ಹನ್ನೆರಡು ಗಾಡಿ, ಹಿಂದೆ ಪೊರಕೆ ಗಾಡಿ, ಅದರ ಹಿಂದೆ ಕೆಮಿಕಲ್ ಚೆಲ್ಲೋ ಗಾಡಿ. ರಸ್ತೆಗೆ ಹಾಕೋ ಉಪ್ಪು ಹಾಕಂಗಿಲ್ಲ, ವಿಮಾನದ ಲೋಹ ತಿಂದುಹಾಕುತ್ತೆ, ಪೊಟ್ಯಾಸಿಯಂ ಅಸಿಟೇಟ್ ಥರದ್ದು ಹಾಕ್ತಾರೆ. ಅವರು ಮುಗಿಸೋವರೆಗೂ ಒಂದು ವಿಮಾನನೂ ಇಳಿಯಲ್ಲ, ಏರಲ್ಲ. ಆವತ್ತು ಒಂದು ಗಾಡಿ ಕೆಟ್ಟು ನಡುವೇನೇ ನಿಂತೋಯ್ತು, ಅರ್ಧ ಗಂಟೆ ಕೆಲಸ ಒಂದು ಗಂಟೆ ಹತ್ರ ಹೋಯ್ತು.

ನನ್ನ ಮೂರು ವಿಮಾನನೂ ರನ್‌ವೇ ತುದೀಲಿ ಸಾಲಾಗಿ ನಿಂತಿದ್ವು. ಮೊದಲನೇದರ ಕೋಪೈಲಟ್ ಕ್ಯಾಬಿನ್‌ಗೆ ಬಂದು ಕಿಟಕಿಯಿಂದ ಟಾರ್ಚ್ ಬಿಟ್ಟು ನೋಡಿದ್ರಂತೆ: ಹಸಿರು ಫ್ಲೂಯಿಡ್ ಮೊದ್ಲು ಒದ್ದೆ ಬಣ್ಣ ಬಳಿದಂಗೆ ಹೊಳೀತಾ ಇರುತ್ತೆ, ಈಗ ಆ ಹೊಳಪು ಹೋಗಿ ಅಲ್ಲಲ್ಲಿ ಬೂದು ಬಣ್ಣದ ಕೆಸರು ಥರ ಆಗಿ ಅದರ ಮೇಲೆ ಬೀಳೋ ಹಿಮ ಕರಗದೇ ಹಂಗೇ ಕೂರ್ತಿತ್ತು. ಮೂರೂ ವಾಪಸ್. ಹಳೇ ಹಸಿರೆಲ್ಲ ಬಿಸಿ ಕಿತ್ತಳೇಲಿ ತೊಳೆದು ಮತ್ತೆ ಮೊದಲಿಂದ, ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು. ಮೂರನೇ ವಿಮಾನಕ್ಕೆ ಹೊಡೀತಾ ಇರುವಾಗ್ಲೇ ಕ್ಯಾಪ್ಟನ್ ರೇಡಿಯೋದಲ್ಲಿ ನಿಧಾನಕ್ಕೆ, ಕೋಪನೂ ಇಲ್ದೇ, ನಮ್ಮ ಡ್ಯೂಟಿ ಟೈಮ್ ಮುಗೀತು, ಗೇಟ್‌ಗೆ ವಾಪಸ್ ಹೋಗ್ತೀವಿ ಅಂದ್ರು. 9 ನಿಮಿಷ ಸಾಲ್ದೇ ಹೋಗಿತ್ತು. ಗೇಟ್‌ಗೆ ಹೋದ್ರೆ ಅಲ್ಲಿ ಬೇರೆ ವಿಮಾನ ನಿಂತಿದೆ, ಅದು ಹೋಗ್ಬೇಕಂದ್ರೆ ನನ್ನ ಪ್ಯಾಡ್ ಖಾಲಿ ಆಗ್ಬೇಕು. ಒಂದರ ಬಾಲ ಇನ್ನೊಂದು ಕಚ್ಕೊಂಡಂಗೆ.

ಆವತ್ತಿಂದ ನಾನು ಮಾಡೋ ರೀತಿನೇ ಬೇರೆ. ಹಸಿರು ಹೊಡೆಸೋಕೆ ಮುಂಚೆ ಏರ್‌ಫೀಲ್ಡ್‌ನ ಸ್ನೋ ಡೆಸ್ಕ್‌ಗೆ ನಾನೇ ಫೋನ್ ಮಾಡ್ತೀನಿ, ಪ್ಲೋ ಯಾವಾಗ ಇಳಿಯುತ್ತೆ, ಎಷ್ಟು ಹೊತ್ತು ಬೇಕು, ಎರಡೇ ಪ್ರಶ್ನೆ. ಆಮೇಲೆ ರನ್‌ವೇ ತುದೀಲಿ ಎಷ್ಟು ವಿಮಾನ ಕಾಯ್ತಿವೆ ಅಂತ ಎಣಿಸಿ, ಟೇಬಲ್‌ನಲ್ಲಿ ಕೊಟ್ಟಿರೋ ಟೈಮ್‌ನ ಕಮ್ಮಿ ಅಂಕಿ ಹಿಡ್ಕೊಂಡು, ಅಷ್ಟರೊಳಗೆ ಎಷ್ಟು ಹಾರಬಹುದೋ ಅಷ್ಟಕ್ಕೆ ಮಾತ್ರ ಹೊಡೆಸ್ತೀನಿ. ಒಂದು ಲೇನ್ ಖಾಲಿ ಬಿಟ್ಟಿದ್ದಕ್ಕೆ ಮೇಲಿನವರು ಕೂಗಾಡಿದಾರೆ, ಕ್ಯೂ ಇಷ್ಟುದ್ದ ಇದೆ, ಲೇನ್ ಖಾಲಿ ಇಟ್ಕೊಂಡು ಏನ್ ಮಾಡ್ತಿದೀಯಾ ಅಂತ. ಕೂಗಾಡ್ಲಿ. ಹಸಿರು ಹೊಡೆದು ನಿಲ್ಲಿಸಿದ ವಿಮಾನಕ್ಕಿಂತ ಹೊಡೆಯದೇ ನಿಂತಿರೋ ವಿಮಾನನೇ ಮೇಲು.

ಫ್ರೀಜಿಂಗ್ ರೈನ್, ಅಂದ್ರೆ ತಾಗಿದ ಕೂಡ್ಲೇ ಐಸ್ ಆಗೋ ಮಳೆ ಬಂದ್ರೆ ಈ ಲೆಕ್ಕಾನೂ ಇಲ್ಲ. ಸ್ವಲ್ಪ ಬಿದ್ರೆ ಏನೋ ಒಂಚೂರು ಟೈಮ್ ಸಿಗುತ್ತೆ, ಜೋರಾಗಿ ಬಂತು ಅಂದ್ರೆ ಟೇಬಲ್‌ನಲ್ಲಿ ಟೈಮೇ ಇಲ್ಲ, ಎಲ್ರೂ ಕೈಕಟ್ಟಿ ಕೂರೋದೇ. ಒಂದಡಿ ಒಣ ಸ್ನೋ ಬೀಳ್ಲಿ ನಾನು ಹೆದರಲ್ಲ, ಆ ಮಳೆ ಅಂದ್ರೆ ಮಾತ್ರ ಹೊಟ್ಟೆ ತೊಳೆಸುತ್ತೆ.

ಹೋಗೋವು ಹೋಗದೇ ಇದ್ರೆ ಬರೋವಕ್ಕೆ ಗೇಟ್ ಇಲ್ಲ. 2007ರ ಫೆಬ್ರವರಿ 14ಕ್ಕೆ ನ್ಯೂಯಾರ್ಕ್‌ನ ಜೆಎಫ್‌ಕೆಯಲ್ಲಿ ಐಸ್ ಬಿದ್ದು ಜನ ಗಂಟೆಗಟ್ಟಲೆ ವಿಮಾನದೊಳಗೇ ಸಿಕ್ಕಾಕ್ಕೊಂಡು ದೊಡ್ಡ ರಂಪ ಆಯ್ತು. ಅಂಥವೆಲ್ಲ ಸೇರಿ 2010ರಲ್ಲಿ ರೂಲ್ ಬಂತು, ಇಂಟರ್‌ನ್ಯಾಶನಲ್ ಫ್ಲೈಟ್‌ಗೆ 2011ರಲ್ಲಿ: ಅಮೆರಿಕದೊಳಗಿನ ಫ್ಲೈಟ್ ಆದ್ರೆ 3 ಗಂಟೆ, ಇಂಟರ್‌ನ್ಯಾಶನಲ್ ಆದ್ರೆ 4 ಗಂಟೆ ಒಳಗೆ ಜನಕ್ಕೆ ಇಳಿಯೋ ಅವಕಾಶ ಕೊಡ್ಬೇಕು. ಒಳ್ಳೇ ರೂಲೇ, ನಾನು ಬೇಡ ಅನ್ನಲ್ಲ, ಆದ್ರೆ ಇದೂ ಒಂದು ಗಡಿಯಾರ. ಪ್ಯಾಡ್ ಕ್ಯೂನಲ್ಲಿ ಎರಡನೇ ನಂಬರ್‌ಗೆ ಬಂದ ವಿಮಾನ 3 ಗಂಟೆ ಹತ್ರ ಆಯ್ತು ಅಂತ ತಿರುಗಿಸ್ಕೊಂಡು ಹೋಗಿದ್ದನ್ನ ಕಣ್ಣಾರೆ ನೋಡಿದೀನಿ. ಏರ್‌ಲೈನ್‌ಗಳು ಸ್ಟಾರ್ಮ್ ಬರೋ ಹಿಂದಿನ ದಿನಾನೇ ನೂರಾರು ಫ್ಲೈಟ್ ಕ್ಯಾನ್ಸಲ್ ಮಾಡೋಕೆ ಇದೂ ಒಂದು ಕಾರಣ, ವಿಮಾನನ ಬೇರೆ ಊರಲ್ಲಿ ಇಟ್ಕೊಂಡಿದ್ರೆ ಆಮೇಲೆ ತರ್ಬಹುದು, ಇಲ್ಲಿ ಹೂತೋದ್ರೆ ಕಷ್ಟ.

ಈಗ ಬಿಸಿಲು ಬಂದ್ಮೇಲಿನ ಕಥೆ. ರಾತ್ರಿಯೆಲ್ಲ ಹೊರಗೆ ನಿಂತ ವಿಮಾನದ ಮೇಲೆ ಗೇಣುದ್ದ ಸ್ನೋ ಇರುತ್ತೆ, ಅದನ್ನ ಮೊದ್ಲು ಪೊರಕೇಲೋ ಗಾಳೀಲೋ ತಳ್ಳಿ ಆಮೇಲೇ ಫ್ಲೂಯಿಡ್. ಎಂಜಿನ್ ಮುಂದಿನ ಫ್ಯಾನ್‌ನ ಕೈಯಲ್ಲಿ ತಿರುಗಿಸಿ ನೋಡ್ತಾರೆ, ಸಲೀಸಾಗಿ ತಿರುಗ್ಬೇಕು, ತಿರುಗ್ಲಿಲ್ಲ ಅಂದ್ರೆ ಕೆಳಗಡೆ ನೀರು ಇಳಿದು ಬ್ಲೇಡ್ ಹಿಡ್ಕೊಂಡಿದೆ ಅಂತ ಅರ್ಥ, ಬಿಸಿ ಗಾಳಿ ಪೈಪ್ ಇಟ್ಟು ಕಾಯ್ಬೇಕು. ನೀಲಿ ಆಕಾಶದ ಕೆಳಗೆ ಒಂದೊಂದು ವಿಮಾನಕ್ಕೂ ಮುಕ್ಕಾಲು ಗಂಟೆ.

ಅದೂ ಮುಗೀತು ಅಂದ್ಕೊಳ್ಳಿ, ಓಡಿಸೋರು ಬೇಕಲ್ಲ. ಇಬ್ಬರು ಪೈಲಟ್ ಇರೋ ಫ್ಲೈಟ್‌ನಲ್ಲಿ ಡ್ಯೂಟಿ ಯಾವಾಗ ಶುರುವಾಯ್ತು ಅನ್ನೋದ್ರ ಮೇಲೆ 9ರಿಂದ 14 ಗಂಟೆ ಲಿಮಿಟ್, ಅದು ಮುಗಿದ್ರೆ ರೆಸ್ಟ್ ಕೊಡ್ಲೇಬೇಕು. ಒಂದು ದಿನದ ಸ್ಟಾರ್ಮ್‌ನಲ್ಲಿ ವಿಮಾನ ಒಂದೂರಲ್ಲಿ, ಪೈಲಟ್ ಒಂದೂರಲ್ಲಿ, ಕ್ಯಾಬಿನ್ ಕ್ರೂ ಇನ್ನೊಂದೂರಲ್ಲಿ. 2022ರ ಡಿಸೆಂಬರ್‌ನಲ್ಲಿ ಸೌತ್‌ವೆಸ್ಟ್ ಏರ್‌ಲೈನ್ಸ್‌ಗೆ ಆಗಿದ್ದು ಇದೇ, ಚಳಿಗಾಳಿ ಎಲ್ರಿಗೂ ಬಡಿದಿತ್ತು, ಬೇರೆಯವರು ಎರಡು ಮೂರು ದಿನದಲ್ಲಿ ಎದ್ರು, ಅವರ ಕ್ರೂ ಲೆಕ್ಕ ಮಾತ್ರ ಕೈಮೀರಿ ಹೋಗಿ 16 ಸಾವಿರಕ್ಕೂ ಹೆಚ್ಚು ಫ್ಲೈಟ್ ಕ್ಯಾನ್ಸಲ್ ಆದ್ವು, ಮುಂದಿನ ವರ್ಷ 140 ಮಿಲಿಯನ್ ಡಾಲರ್ ದಂಡ ಬಿತ್ತು.

ಹೋದ ಚಳಿಗಾಲ ಇದಿಷ್ಟೂ ಫೋನಲ್ಲಿ ಒಬ್ರಿಗೆ ವಿವರಿಸ್ದೆ, ಅವರು ಎಲ್ಲಾ ಕೇಳಿ, ಅದಿರ್ಲಿ ನಮ್ ಫ್ಲೈಟ್ ಇವತ್ತು ಹೋಗುತ್ತೋ ಇಲ್ವೋ ಅಷ್ಟು ಹೇಳು ಅಂದ್ರು. ಅವರ ವಿಮಾನ ನನ್ನ ಕಣ್ಣೆದುರೇ ನಿಂತಿತ್ತು, ತೊಳೆದು ಬಿಸಿಲಿಗೆ ಫಳಫಳ ಅಂತಿತ್ತು. ವಿಮಾನ ರೆಡಿ ಇದೆ, ಪೈಲಟ್ ಯಾವ ಊರಲ್ಲಿದಾರೆ ಅಂತ ಕೌಂಟರ್‌ನಲ್ಲಿ ಕೇಳಿ ನೋಡಿ ಅಂದೆ.